‘ಇದೊಂದು ಹಾಕಿಬಿಡ್ರಿ’: ಪ್ರಾಜೆಕ್ಟಿನ ಸ್ಕೋಪ್ ಬರೆಯುವುದು, ಕಾಯುವುದು ಹೇಗೆ?

ಕಲಬುರಗಿಯಲ್ಲಿ ಸಣ್ಣ ಸಾಫ್ಟ್‌ವೇರ್ ಅಂಗಡಿ ಇಟ್ಟವರ ಗಿರಾಕಿಗಳು ದೊಡ್ಡ ಕಂಪನಿಗಳಲ್ಲ. ದಾಲ್ ಮಿಲ್ಲು, ಅಡತಿ ಅಂಗಡಿ, ನರ್ಸಿಂಗ್ ಹೋಮು, ಕೋಚಿಂಗ್ ಕ್ಲಾಸು. ನನ್ನ ಮೊದಲ ದೊಡ್ಡ ಕೆಲಸ ಇಂಥದ್ದೇ ಒಂದು ಅಂಗಡಿಯದ್ದು. 45 ದಿನದ ಮಾತು. ಎಂಟು ತಿಂಗಳು ಹಿಡಿಯಿತು. ದುಡ್ಡು ಮಾತ್ರ 45 ದಿನದ್ದೇ ಬಂತು.

ಅವರು ಮೋಸ ಮಾಡಿದರಾ? ಇಲ್ಲ. ದೊಡ್ಡದೇನನ್ನೂ ಒಂದು ದಿನವೂ ಕೇಳಲಿಲ್ಲ. "ಸರ್, ಇದೊಂದು ಹಾಕಿಬಿಡ್ರಿ, ಏನ್ ದೊಡ್ಡ ಕೆಲಸ ಅದ?" ಅಂತ ವಾರಕ್ಕೆ ಎರಡು ಸಣ್ಣದು ಕೇಳಿದರು. ನಾನು ಪ್ರತಿ ಸಲ "ಆಯ್ತ್ರಿ" ಅಂದೆ. ದೊಡ್ಡ ಬೇಡಿಕೆ ಬಂದರೆ ನಾವೇ ಎಚ್ಚರ ಆಗ್ತೀವಿ, ಕೂತು ಲೆಕ್ಕ ಹಾಕ್ತೀವಿ. ಸಣ್ಣದಕ್ಕೆ ಲೆಕ್ಕ ಕೇಳೋಕೆ ಸಂಕೋಚ. ಪ್ರಾಜೆಕ್ಟ್ ಮುಳುಗೋದು ಆ ಸಂಕೋಚದಲ್ಲೇ.

ಆಮೇಲೆ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಉದಾಹರಣೆಗೆ ಒಂದು ದಾಲ್ ಮಿಲ್ಲನ್ನೇ ಇಟ್ಟುಕೊಳ್ಳೋಣ. ಗೇಟಿನಿಂದ ಗೋದಾಮಿನವರೆಗೆ ತೊಗರಿಯ ಲೆಕ್ಕ ಇಡುವ ಪ್ರೋಗ್ರಾಮ್ ಬೇಕು, ಕೆಲಸ ಆಗಸ್ಟ್‌ನಲ್ಲಿ ಶುರು. ಮನೆ ಕಟ್ಟಿಸುವವರಿಗೂ, ಕಾಲೇಜಿನ ಸಮಾರಂಭ ಹೊತ್ತವರಿಗೂ ಇವೇ ಹಂತಗಳು ಸಾಕು.

ಮೊದಲು: ಸ್ಕೋಪ್‌ನಲ್ಲಿ ಎರಡು ಬಗೆ

ಸ್ಕೋಪ್ ಅಂದರೆ ಕೆಲಸದ ವ್ಯಾಪ್ತಿ. ಅದರಲ್ಲಿ ಎರಡು ಇವೆ, ಜನ ಒಂದನ್ನು ಮರೆಯುತ್ತಾರೆ. ಗಿರಾಕಿಯ ಕೈಗೆ ಬರುವ ವಸ್ತು ಹೇಗಿರಬೇಕು ಅನ್ನೋದು ಒಂದು. ಆ ವಸ್ತುವನ್ನು ಕೈಗೆ ಕೊಡೋಕೆ ಮಾಡಬೇಕಾದ ಕೆಲಸ ಎಲ್ಲ ಸೇರಿ ಇನ್ನೊಂದು. ಮೊದಲನೆಯದು ಪ್ರಾಡಕ್ಟ್ ಸ್ಕೋಪ್, ಎರಡನೆಯದು ಪ್ರಾಜೆಕ್ಟ್ ಸ್ಕೋಪ್.

ನಾನು ಕಂಡ ಜಗಳಗಳಲ್ಲಿ ಮುಕ್ಕಾಲು ಪಾಲು ಎರಡನೆಯದರ ಮೇಲೆ. ಪ್ರೋಗ್ರಾಮ್ ಹೇಗಿರಬೇಕು ಅಂತ ಎಲ್ಲರೂ ಮಾತಾಡಿರುತ್ತಾರೆ. ಹಳೇ ಖಾತೆ ಪುಸ್ತಕದಲ್ಲಿರೋ ಆರು ನೂರು ರೈತರ ಹೆಸರು, ಬಾಕಿ, ಯಾರು ಕೂತು ತುಂಬಬೇಕು? ಇದನ್ನು ಯಾರೂ ಮಾತಾಡಿರಲ್ಲ. ನೀವು ಅವರು ತುಂಬುತ್ತಾರೆ ಅಂದುಕೊಂಡಿರುತ್ತೀರಿ, ಅವರು ನೀವು.

ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ಸಂಸ್ಥೆಯ ಪಿಎಂಬಿಒಕೆ ಗೈಡ್ ಅನ್ನೋ ಕೈಪಿಡಿ 2017ರ ಆರನೇ ಆವೃತ್ತಿಯಲ್ಲಿ ಸ್ಕೋಪ್ ನಿರ್ವಹಣೆಯನ್ನು ಆರು ಭಾಗ ಮಾಡುತ್ತದೆ: ಹೇಗೆ ನಡೆಸಬೇಕು ಅಂತ ಯೋಜಿಸುವುದು, ಬೇಡಿಕೆ ಕೂಡಿಸುವುದು, ವ್ಯಾಪ್ತಿ ಗೊತ್ತು ಮಾಡುವುದು, ಕೆಲಸ ಒಡೆಯುವುದು, ಒಪ್ಪಿಗೆ ಪಡೆಯುವುದು, ನಿಯಂತ್ರಿಸುವುದು. ನನ್ನ ಕ್ರಮವೂ ಹೆಚ್ಚು ಕಡಿಮೆ ಅದೇ. ಆ ಆರನ್ನೂ ಬಾಯಿಪಾಠ ಮಾಡಬೇಕಿಲ್ಲ. ನಮ್ಮಂಥವರಿಗೆ ನೋಟ್‌ಬುಕ್ಕು, ಪೆನ್ನು ಸಾಕು.

ಹಂತ 1: ಒಂದು ದಿನ ಕಾಟಾ ಹತ್ತಿರ ಕೂತುಕೊಳ್ಳಿ

ಬೇಡಿಕೆ ಕೂಡಿಸೋಕೆ ಸಾವುಕಾರರ ಎಸಿ ರೂಮಿನಲ್ಲಿ ಮೀಟಿಂಗ್ ಮಾಡಬೇಡಿ. ಮಾಡಿ, ಆದರೆ ಅದಷ್ಟನ್ನೇ ನಂಬಬೇಡಿ. ಕೆಲಸ ನಡೆಯೋ ಜಾಗಕ್ಕೆ ಹೋಗಿ.

ಗಾಡಿ ಬಂತು. ಕಾಟಾ, ಅಂದರೆ ಗಾಡಿ ತೂಗುವ ಯಂತ್ರದ ಮೇಲೆ ನಿಂತಿತು. ತುಂಬಿದ ತೂಕ ಬಿತ್ತು. ಹಮಾಲರು ಚೀಲ ಇಳಿಸಿದರು, ಖಾಲಿ ಗಾಡಿ ಮತ್ತೆ ಕಾಟಾ ಮೇಲೆ ಬಂತು. ಎರಡರ ವ್ಯತ್ಯಾಸ ಚೀಲ ಸಮೇತ ಕಾಳಿನ ತೂಕ. ಅದರಲ್ಲಿ ಗೋಣಿಚೀಲದ ತೂಕ ಕಳೆಯಬೇಕು. ಸಾವುಕಾರರು ಹೇಳಿದ್ದೂ ಇಷ್ಟೇ: "ತೂಕ ಹಾಕೋದು, ಚೀಲ ಕಳೆಯೋದು, ಮುಗೀತು."

ಆದರೆ ಲೆಕ್ಕ ಬರೆಯುವ ಮುನೀಮ ಕಾಕಾ ಚೀಟಿಯ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಇನ್ನೊಂದು ಅಂಕಿ ಬರೆದರು. "ಕಾಕಾ, ಇದೇನ್ರಿ?" ಅಂದೆ. "ಹಸಿ ಅದರೀ ಮಾಲು. ಮೀಟರ್ ಜಾಸ್ತಿ ತೋರ್ಸದ್ರ ಅಷ್ಟು ಕಡಿತ." ತೇವಾಂಶದ ಕಡಿತ! ಸರ್ಕಾರದ ಬೆಂಬಲ ಬೆಲೆ ಖರೀದಿಯಲ್ಲಿ ತೊಗರಿಯ ತೇವಾಂಶ ಶೇ. 12 ಮೀರಬಾರದು ಅಂತ ನಿಯಮ ಇದೆ. ಖಾಸಗಿ ಮಿಲ್ಲಿನಲ್ಲಿ ಎಷ್ಟಕ್ಕೆ ಎಷ್ಟು ಕಳೆಯಬೇಕು ಅನ್ನೋದು ಮುನೀಮರ ತಲೆಯಲ್ಲಿತ್ತು. ಎಲ್ಲೂ ಬರೆದಿರಲಿಲ್ಲ. ಆ ಕೆಂಪು ಅಂಕಿ ಕಣ್ಣಿಗೆ ಬೀಳದೇ ಹೋಗಿದ್ದರೆ ಜನವರಿಯಲ್ಲಿ, ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಾಗ, ನನ್ನ ಪ್ರೋಗ್ರಾಮ್ ತಪ್ಪು ಲೆಕ್ಕ ಹೇಳುತ್ತಿತ್ತು. ಆಗ ಅದನ್ನು ಸೇರಿಸೋದು ಸ್ಕೋಪ್ ಬದಲಾವಣೆಯೂ ಅಲ್ಲ, ನನ್ನದೇ ತಪ್ಪು. ಅದಕ್ಕೆ ದುಡ್ಡು ಕೇಳುವ ಮುಖ ಇರಲ್ಲ.

ಕಾಟಾ ಮೇಲಿನ ಹುಡುಗ, ಮುನೀಮ, ಮಿಲ್ ನಡೆಸುವ ಮೇಸ್ತ್ರಿ, ಗೋದಾಮಿನವರು, ಸಾವುಕಾರರು, ಅವರ ಸಿಎ. ಒಬ್ಬೊಬ್ಬರಿಗೂ ಮೂರೇ ಪ್ರಶ್ನೆ ಹಾಕಿ. ಈಗ ಹೇಗೆ ಮಾಡ್ತೀರಿ? ಎಲ್ಲಿ ತೊಂದರೆ ಆಗ್ತದೆ? ಈ ಕಾಗದ ಮುಂದೆ ಯಾರ ಕೈಗೆ ಹೋಗ್ತದೆ? ಮೂರನೆಯದನ್ನು ಬಿಡಬೇಡಿ. ಚೀಟಿ ಹೋದ ದಾರಿಯಲ್ಲೇ ಹೋದರೆ ಅರ್ಧ ಸ್ಕೋಪ್ ತಾನಾಗೇ ಸಿಗುತ್ತದೆ.

ಯಾರು ಏನು ಕೇಳಿದರು ಅಂತ ಹೆಸರಿನ ಸಮೇತ, ನಂಬರ್ ಹಾಕಿ ಬರೆದಿಡಿ. ಕೊನೆಗೆ ಪರೀಕ್ಷೆ ಮಾಡುವಾಗ ಪ್ರತಿ ನಂಬರಿಗೂ ಟಿಕ್ ಹಾಕಬಹುದು.

ಹಂತ 2: ಬೇಕೇ ಬೇಕಾದದ್ದನ್ನು ಬೇರೆ ಮಾಡಿ

ಪಟ್ಟಿಯಲ್ಲಿ ನಲವತ್ತು ಬೇಡಿಕೆ ಇರುತ್ತವೆ. ಎಲ್ಲವೂ ಅರ್ಜೆಂಟ್. ಇಲ್ಲಿ ಮೋಸ್ಕೋ ಅನ್ನುವ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. 1994ರಲ್ಲಿ ಡೈ ಕ್ಲೆಗ್ ಎಂಬುವರು ರೂಪಿಸಿದ್ದು. ನಾಲ್ಕು ಗುಂಪು: ಇಲ್ಲದಿದ್ದರೆ ನಡೆಯದು, ಇರಬೇಕು, ಇದ್ದರೆ ಚೆಂದ, ಈ ಸಲ ಬೇಡ.

ಮೊದಲ ಗುಂಪಿಗೆ ನನ್ನ ಪರೀಕ್ಷೆ ಒಂದೇ. ಹೊಸ ತೊಗರಿ ಮಾರುಕಟ್ಟೆಗೆ ಬರೋದು ಡಿಸೆಂಬರ್‌ನಿಂದ. "ಸಾವ್ಕಾರ್ರೇ, ಇದು ಇಲ್ಲದೇ ಆ ದಿನ ಗೇಟ್ ತೆಗೀಬಹುದಾ?" ಅಂತ ಕೇಳುತ್ತೇನೆ. ತೆಗೀಬಹುದು ಅಂದರೆ ಅದು ಮೊದಲ ಗುಂಪಲ್ಲ. ನಲವತ್ತರಲ್ಲಿ ಹನ್ನೊಂದು ಉಳಿದವು.

ಈ ಕೆಲಸದಲ್ಲಿ ದಿನ ಬದಲಾಗಲ್ಲ, ತೊಗರಿ ನಮಗಾಗಿ ಕಾಯಲ್ಲ. ದುಡ್ಡೂ ಗಟ್ಟಿ. ಹಾಗಾಗಿ ಇಕ್ಕಟ್ಟು ಬಂದಾಗ ಸ್ಕೋಪ್ ಒಂದೇ ಕಡಿಮೆ ಮಾಡಬಹುದಾದದ್ದು. ಇದನ್ನು ಮೊದಲ ದಿನವೇ ಹೇಳಿಬಿಡಿ.

ಹಂತ 3: ಒಂದು ಪುಟದ ಸ್ಕೋಪ್ ಪತ್ರ

ಇಪ್ಪತ್ತು ಪುಟ ಬರೆದರೆ ಯಾರೂ ಓದಲ್ಲ. ಸಹಿ ಹಾಕಿ ಡ್ರಾಯರ್‌ಗೆ ಹಾಕುತ್ತಾರೆ. ಒಂದೇ ಪುಟ, ಕನ್ನಡದಲ್ಲಿ, ಮುನೀಮರೂ ಓದುವ ಹಾಗೆ ಇರಲಿ. ನಮ್ಮದು ಹೀಗಿತ್ತು:

ಯಾಕೆ: ಗೇಟಿಗೆ ಬಂದ ತೊಗರಿ ಎಷ್ಟು, ಅದರಿಂದ ಬೇಳೆ, ನುಚ್ಚು, ಹೊಟ್ಟು ಎಷ್ಟು ಬಂತು ಅಂತ ಅವತ್ತೇ ಸಂಜೆ ಸಾವುಕಾರರಿಗೆ ಗೊತ್ತಾಗಬೇಕು.

ಏನು ಕೊಡ್ತೀವಿ: ಕಾಟಾ ಚೀಟಿ, ತೇವಾಂಶದ ಕಡಿತ, ರೈತರ ಖಾತೆ, ಲಾಟ್ ಪ್ರಕಾರ ಮಿಲ್ಲಿನ ಲೆಕ್ಕ, ಗೋದಾಮಿನ ಸ್ಟಾಕ್, ದಿನದ ವರದಿ. ಮೂವರಿಗೆ ಎರಡು ದಿನದ ತರಬೇತಿ.

ಮುಗಿದದ್ದು ಯಾವಾಗ: ಮೂರು ದಿನದ ನಿಜವಾದ ಚೀಟಿಗಳನ್ನು ಹಾಕಿದಾಗ ಪ್ರೋಗ್ರಾಮಿನ ಲೆಕ್ಕ, ಮುನೀಮರ ಪುಸ್ತಕದ ಲೆಕ್ಕ ಕೆಜಿಗೆ ಕೆಜಿ ಹೊಂದಬೇಕು.

ಮಿಲ್ಲಿನವರು ಮಾಡಬೇಕಾದದ್ದು: ಕಾಟಾ ಶೆಡ್ಡಿನಲ್ಲಿ ಯುಪಿಎಸ್, ಧೂಳು ಕೂರದ ಹಾಗೆ ಕಂಪ್ಯೂಟರಿಗೆ ಪೆಟ್ಟಿಗೆ, ತೇವಾಂಶದ ಕಡಿತದ ಕೋಷ್ಟಕ ಸೆಪ್ಟೆಂಬರ್ 10ರೊಳಗೆ.

ಏನು ಇಲ್ಲ: ಹಳೇ ಖಾತೆ ತುಂಬುವುದು, ಜಿಎಸ್‌ಟಿ ರಿಟರ್ನ್, ಹಮಾಲರ ಪಗಾರ, ಮೊಬೈಲ್ ಆಪ್, ಬೇರೆ ಊರಿನ ಗೋದಾಮು.

ಈ ಕೊನೆಯದನ್ನು ಬರೆಯೋಕೆ ಬಹಳ ಜನ ಹಿಂದೆ ಮುಂದೆ ನೋಡುತ್ತಾರೆ. ಶುರುವಿನಲ್ಲೇ ‘ಇಲ್ಲ’ ಅಂದರೆ ಗಿರಾಕಿ ಹೋಗಿಬಿಟ್ಟರೆ ಅಂತ ಭಯ. ನನ್ನ ಅನುಭವದಲ್ಲಿ ಯಾರೂ ಹೋಗಿಲ್ಲ. ಆ ಪಟ್ಟಿ ಓದುವಾಗಲೇ ನಿಜವಾದ ಮಾತು ಶುರು ಆಗುತ್ತದೆ. "ಹಳೇ ಖಾತೆ ನೀವು ತುಂಬಲ್ಲೇನ್ರಿ?" ಅಂದರು ಸಾವುಕಾರರು. ತುಂಬಬಹುದು, ಹನ್ನೆರಡು ದಿನ, ಇಷ್ಟು ದುಡ್ಡು ಅಂದೆ. ಅವರು ತಮ್ಮ ಅಣ್ಣನ ಮಗನನ್ನು ಕೂರಿಸಿದರು. ಆ ಮಾತು ನವೆಂಬರ್‌ನಲ್ಲಿ ಬಂದಿದ್ದರೆ ಜಗಳ.

ಪದಗಳ ಬಗ್ಗೆ ಎಚ್ಚರ ಇರಲಿ. ‘ಮುಂತಾದವು’, ‘ಅಗತ್ಯಕ್ಕೆ ತಕ್ಕಂತೆ’, ‘ಸುಲಭವಾಗಿ ಬಳಸುವಂಥ’, ‘ಎಲ್ಲ ವರದಿಗಳು’. ಇವು ಬೇಲಿಯಲ್ಲಿ ಬಿಟ್ಟ ಕಿಂಡಿ. ‘ಎಲ್ಲ ವರದಿಗಳು’ ಅನ್ನೋ ಬದಲು ಆರು ವರದಿಯ ಹೆಸರು ಬರೆಯಿರಿ, ಒಂದೊಂದರ ಮಾದರಿ ಕಾಗದ ಹಚ್ಚಿ.

ಹಂತ 4: ಕೆಲಸವನ್ನು ಒಡೆಯಿರಿ

ಇದಕ್ಕೆ ಡಬ್ಲ್ಯೂಬಿಎಸ್ (ವರ್ಕ್ ಬ್ರೇಕ್‌ಡೌನ್ ಸ್ಟ್ರಕ್ಚರ್) ಅನ್ನುತ್ತಾರೆ. ಅಮೆರಿಕದ ರಕ್ಷಣಾ ಇಲಾಖೆ ಮತ್ತು ನಾಸಾ 1960ರ ದಶಕದಲ್ಲಿ ಕ್ಷಿಪಣಿ, ರಾಕೆಟ್ಟಿನ ಕೆಲಸಕ್ಕೆ ಬೆಳೆಸಿದ ಪದ್ಧತಿ. ಹೆಸರು ಕೇಳಿ ಹೆದರಬೇಡಿ. ಮೇಲೆ ಇಡೀ ಕೆಲಸ, ಕೆಳಗೆ ಅದರ ಭಾಗಗಳು, ಅವುಗಳ ಕೆಳಗೆ ಮತ್ತೆ ಸಣ್ಣ ಭಾಗಗಳು. ವಂಶವೃಕ್ಷ ಬರೆದ ಹಾಗೆ.

ಇದರ ದೊಡ್ಡ ನಿಯಮ ನೂರಕ್ಕೆ ನೂರು. ಕೆಳಗಿನ ಭಾಗಗಳನ್ನೆಲ್ಲ ಕೂಡಿಸಿದರೆ ಮೇಲಿನದು ಪೂರ್ತಿ ಬರಬೇಕು. ಕಡಿಮೆಯೂ ಆಗಬಾರದು, ಜಾಸ್ತಿಯೂ ಆಗಬಾರದು. ಮರದಲ್ಲಿ ಇಲ್ಲದ ಕೆಲಸ ಸ್ಕೋಪ್‌ನಲ್ಲಿ ಇಲ್ಲ. ತರಬೇತಿ, ಕಾಟಾಕ್ಕೆ ವೈರ್ ಎಳೆಯುವುದು, ಪ್ರಾಜೆಕ್ಟ್ ನಡೆಸುವ ಓಡಾಟ, ಇವೂ ಮರದಲ್ಲಿ ಬರಬೇಕು. ಇವನ್ನು ಬಿಟ್ಟೇ ನಾವು ದಿನ ಕಡಿಮೆ ಲೆಕ್ಕ ಹಾಕೋದು.

ಭಾಗಗಳಿಗೆ ವಸ್ತುವಿನ ಹೆಸರಿಡಿ, ಕ್ರಿಯೆಯದ್ದಲ್ಲ. ‘ಕಾಟಾ ಚೀಟಿ’ ಅಂದರೆ ಆಯ್ತಾ ಇಲ್ವಾ ಅಂತ ಕಣ್ಣಿಗೆ ಕಾಣುತ್ತದೆ. ‘ಕಾಟಾ ಕೋಡಿಂಗ್ ಮಾಡುವುದು’ ಅಂದರೆ ಅದು ಯಾವತ್ತೂ ಮುಗಿಯಲ್ಲ.

ಕಾಟಾ ಭಾಗವನ್ನಷ್ಟೇ ತೋರಿಸುತ್ತೇನೆ. 1. ಕಾಟಾ. 1.1 ಯಂತ್ರದಿಂದ ತೂಕ ಓದುವ ಜೋಡಣೆ. 1.2 ಚೀಟಿಯ ಪರದೆ. 1.3 ಚೀಲದ ಕಡಿತ. 1.4 ತೇವಾಂಶದ ಕಡಿತ. 1.5 ಮೂರು ಪ್ರತಿಯ ಪ್ರಿಂಟ್. 1.6 ಕರೆಂಟ್ ಹೋದಾಗ ಕೈಯಿಂದ ಬರೆದ ಚೀಟಿ ಆಮೇಲೆ ಸೇರಿಸುವುದು. ಕೊನೆಯದು ನೆನಪಾದದ್ದು ಮರ ಬರೆಯುವಾಗಲೇ. ಅಷ್ಟಕ್ಕಾದರೂ ಬರೆಯಿರಿ.

ಎಷ್ಟು ಸಣ್ಣದು ಮಾಡಬೇಕು? 8 ಗಂಟೆಗಿಂತ ಕಡಿಮೆ ಬೇಡ, 80 ಗಂಟೆಗಿಂತ ಜಾಸ್ತಿ ಬೇಡ ಅಂತ ಒಂದು ರೂಢಿ ಇದೆ. ನಮ್ಮಂಥ ಸಣ್ಣ ಕೆಲಸಕ್ಕೆ 40 ಗಂಟೆಯೇ ಮಿತಿ ಇರಲಿ, ವಾರದ ಕೊನೆಗೆ ಲೆಕ್ಕ ಸಿಗುತ್ತದೆ.

ಹಂತ 5: ಗೆರೆ ಎಳೆಯಿರಿ

ಪತ್ರಕ್ಕೆ, ಮರಕ್ಕೆ ತಾರೀಖು, ಆವೃತ್ತಿ ನಂಬರ್ ಹಾಕಿ. ಇಬ್ಬರೂ ಸಹಿ ಮಾಡಿ. ಇದೇ ಬೇಸ್‌ಲೈನ್. ಮುಂದೆ ‘ಬದಲಾವಣೆ’ ಅನ್ನೋ ಮಾತು ಬಂದರೆ ಈ ಕಾಗದಕ್ಕೆ ಹೋಲಿಸಿ. ದುಡ್ಡಿನ ಕಂತನ್ನೂ ತಾರೀಖಿಗೆ ಕಟ್ಟಬೇಡಿ, ಒಪ್ಪಿಸಿದ ಭಾಗಕ್ಕೆ ಕಟ್ಟಿ.

ಇನ್ನೊಂದು ಸಾಲು ಸೇರಿಸಿ: ಬದಲಾವಣೆಗೆ ಹೂಂ ಅನ್ನೋರು ಯಾರು? ನಮ್ಮಲ್ಲಿ ಸಾವುಕಾರರು ಒಬ್ಬರೇ. ಅವರ ತಮ್ಮ, ಮಗ, ಸಿಎ ಯಾರು ಬೇಕಾದರೂ ಕೇಳಬಹುದು, ಹೂಂ ಅನ್ನೋದು ಒಂದೇ ಬಾಯಿ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೇ ಒಂದು ಸಮಿತಿ ಇರುತ್ತದೆ.

ಹಂತ 6: ‘ಇಲ್ಲ’ ಅನ್ನಬೇಡಿ, ಚೀಟಿ ಬರೆಯಿರಿ

ಇಲ್ಲಿಂದ ಕಾಯುವ ಕೆಲಸ. ಬೇಸ್‌ಲೈನ್ ಆದ ಮೂರನೇ ವಾರ ಸಾವುಕಾರರ ಮಗ ಬಂದ. "ಸರ್, ರೈತ್ರಿಗೆ ಒಂದು ಎಸ್‌ಎಂಎಸ್ ಹೋಗೋ ಹಂಗ ಮಾಡ್ರಿ. ಎಷ್ಟು ಚೀಲ, ಎಷ್ಟು ರೊಕ್ಕ ಅಂತ. ಏನ್, ಅರ್ಧ ದಿನದ ಕೆಲಸ ಅಲ್ವಾ?"

ಹಳೇ ನಾನಾಗಿದ್ದರೆ "ಆಯ್ತ್ರಿ" ಅಂತಿದ್ದೆ. ಈಗ ಬದಲಾವಣೆ ಪುಸ್ತಕ ತೆಗೆದೆ. ನಾಲ್ಕು ಖಾನೆ: ಏನು ಕೇಳಿದರು, ಯಾಕೆ, ದಿನ ಮತ್ತು ದುಡ್ಡು ಎಷ್ಟು ಹಿಡಿಯುತ್ತದೆ, ತೀರ್ಮಾನ. "ಒಳ್ಳೇ ವಿಚಾರ. ಬರಕೊಂಡೆ, ನಾಳೆ ಲೆಕ್ಕ ಹೇಳ್ತೀನಿ" ಅಂದೆ.

ಲೆಕ್ಕ ಹಾಕಿದಾಗ ಸಣ್ಣ ಕೆಲಸದ ಹೊಟ್ಟೆ ಬಿಚ್ಚಿತು. ವ್ಯಾಪಾರದವರು ಒಟ್ಟಾಗಿ ಎಸ್‌ಎಂಎಸ್ ಕಳಿಸಬೇಕಂದರೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಡಿಎಲ್‌ಟಿ ಅನ್ನೋ ವ್ಯವಸ್ಥೆಯಲ್ಲಿ ಮಿಲ್ಲಿನ ಹೆಸರು ನೋಂದಾಯಿಸಬೇಕು. ಕಳಿಸುವ ಹೆಸರು, ಸಂದೇಶದ ಮಾದರಿ, ಎರಡಕ್ಕೂ ಮೊದಲೇ ಒಪ್ಪಿಗೆ ಬೇಕು. ಸಂದೇಶ ಇಂಗ್ಲಿಷ್‌ನಲ್ಲಾದರೆ ಒಂದಕ್ಕೆ 160 ಅಕ್ಷರ. ಕನ್ನಡದಲ್ಲಾದರೆ 70 ಮಾತ್ರ. ಅದರಲ್ಲೂ ಕೊಂಬು, ಗುಡಿಸು, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ‘ತೊಗರಿ’ ಕಣ್ಣಿಗೆ ಮೂರಕ್ಷರ, ಎಸ್‌ಎಂಎಸ್ ಲೆಕ್ಕದಲ್ಲಿ ಐದು. ಹಾಗಾಗಿ ಒಂದು ಚೀಟಿಯ ವಿವರಕ್ಕೆ ಎರಡು ಮೂರು ಎಸ್‌ಎಂಎಸ್‌ನ ದುಡ್ಡು. ಮೇಲೆ, ಖಾತೆಯಲ್ಲಿ ಅರ್ಧ ರೈತರ ಮೊಬೈಲ್ ನಂಬರೇ ಇರಲಿಲ್ಲ.

ಮರುದಿನ ಚೀಟಿಯಲ್ಲಿ ಬರೆದುಕೊಟ್ಟೆ: ನಮ್ಮ ಕೆಲಸ ಆರು ದಿನ, ನೋಂದಣಿಗೆ ಕಾಯಬೇಕು, ಕಳಿಸಿದ್ದಕ್ಕೆಲ್ಲ ಬೇರೆ ಖರ್ಚು, ನಂಬರ್ ಕೂಡಿಸೋದು ನಿಮ್ಮ ಕಡೆ. ಕೆಳಗೆ ಮೂರು ದಾರಿ. ಈಗಲೇ ಮಾಡಿದರೆ ಒಪ್ಪಿಸೋದು ಆರು ದಿನ ತಡ. ಇಲ್ಲವೇ ಅಷ್ಟೇ ತೂಕದ ಇನ್ನೊಂದನ್ನು ಈಗ ಕೈಬಿಡೋಣ. ಇಲ್ಲವೇ ಸುಗ್ಗಿ ಮುಗಿದ ಮೇಲೆ ಎರಡನೇ ಹಂತದಲ್ಲಿ. ಸಾವುಕಾರರು ಒಂದು ನಿಮಿಷ ನೋಡಿ ಮೂರನೆಯದಕ್ಕೆ ಸಹಿ ಹಾಕಿದರು. ಮಗನಿಗೂ ಬೇಜಾರಾಗಲಿಲ್ಲ, ಅವನ ಮಾತು ಪುಸ್ತಕದಲ್ಲಿ ಇತ್ತಲ್ಲ.

ಇನ್ನೊಂದು ಸಲ ಒಂದು ಕೆಜಿ ಪ್ಯಾಕೆಟ್ಟಿಗೆ ಲೇಬಲ್ ಬೇಕು, ಅದರ ಮೇಲೆ ಜಿಐ (ಭೌಗೋಳಿಕ ಸೂಚಿಕೆ) ಗುರುತು ಬರಬೇಕು ಅಂದರು. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಖುಷಿಯ ವಿಷಯ. ಆದರೆ ಆ ಗುರುತು ಬಳಸೋಕೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಲೇಬಲ್ ಛಾಪಿಸೋದು ನಮ್ಮ ಕೆಲಸ, ನೋಂದಣಿ ಅವರದ್ದು. ಚೀಟಿಯಲ್ಲಿ ಎರಡು ಸಾಲಾಗಿ ಬೇರೆ ಬರೆದೆ.

ಹತ್ತು ನಿಮಿಷದ ಕೆಲಸಕ್ಕೂ ಚೀಟಿಯಾ? ಹೌದು, ಬರೆಯಿರಿ. ದುಡ್ಡು ತಗೋಬೇಡಿ ಬೇಕಾದರೆ, ಆದರೆ ‘ಉಚಿತ, 10 ನಿಮಿಷ’ ಅಂತ ಬರೆದಿಡಿ. ಇಂಥವು ಇಪ್ಪತ್ತು ಕೂಡಿದಾಗ ಪುಸ್ತಕ ತೆರೆದು ತೋರಿಸಬಹುದು. ಫೋನಿನಲ್ಲಿ, ಚಹಾ ಅಂಗಡಿಯಲ್ಲಿ, ಮದುವೆ ಊಟದಲ್ಲಿ ಕೇಳಿದ್ದನ್ನೂ ಅವತ್ತು ರಾತ್ರಿ ವಾಟ್ಸಾಪ್‌ನಲ್ಲಿ "ನೀವು ಹೀಗೆ ಹೇಳಿದ್ರಿ, ಪುಸ್ತಕದಲ್ಲಿ 9ನೇ ನಂಬರ್" ಅಂತ ಕಳಿಸಿ.

ಸರ್ಕಾರಿ ಗುತ್ತಿಗೆ ಮಾಡುವವರಿಗೆ ಇದು ಹೊಸದೇನಲ್ಲ. ಬಿಒಕ್ಯೂ ಅನ್ನೋ ಕೆಲಸ, ಅಳತೆಯ ಪಟ್ಟಿಯಲ್ಲಿ ಇಲ್ಲದ ಕೆಲಸ ಎಕ್ಸ್‌ಟ್ರಾ ಐಟಂ, ಮಂಜೂರಾತಿ ಇಲ್ಲದೇ ಮಾಡಿದರೆ ಬಿಲ್ ನಿಲ್ಲುತ್ತದೆ. ಕೋಣೆಗೆ ಶಹಾಬಾದ್ ಕಲ್ಲು ಅಂತ ಬರೆದ ಮೇಲೆ ಟೈಲ್ಸ್ ಹಾಕಿದರೆ ಅಳತೆ ಪುಸ್ತಕದಲ್ಲಿ ಏನಂತ ಬರೀತಾರೆ? ಖಾಸಗಿ ಕೆಲಸದಲ್ಲಿ ನಾವು ಆ ಶಿಸ್ತನ್ನು ಸುಮ್ನೆ ಬಿಟ್ಟುಕೊಡ್ತೀವಿ.

ಹಂತ 7: ನಮ್ಮ ಕಡೆಯ ಕಳ್ಳನನ್ನೂ ನೋಡಿ

ಗಿರಾಕಿ ಕೇಳದೇ ನಾವೇ ಸೇರಿಸುವ ಕೆಲಸಕ್ಕೆ ಗೋಲ್ಡ್ ಪ್ಲೇಟಿಂಗ್ ಅನ್ನುತ್ತಾರೆ. ನಮ್ಮ ಹುಡುಗ ನಾಲ್ಕು ದಿನ ಕೂತು ದಿನದ ವರದಿಗೆ ಬಣ್ಣ ಬಣ್ಣದ ಗ್ರಾಫ್ ಹಾಕಿದ್ದ. ಚೆಂದ ಇತ್ತು. ಸಾವುಕಾರರು ನೋಡಿದರು, "ಇದು ತೆಗೀರಿ, ಅಂಕಿ ಕಾಣವಲ್ವು" ಅಂದರು. ಹುಡುಗನಿಗೆ ಬೈಯಲಿಲ್ಲ. ಡಬ್ಲ್ಯೂಬಿಎಸ್‌ನ ಯಾವ ನಂಬರಿನ ಕೆಲಸ ಅಂತ ಕೇಳಿದೆ. ಈಗ ಬೆಳಿಗ್ಗೆ ಎಲ್ಲರೂ ನಂಬರ್ ಹೇಳಿಯೇ ಕೂರುತ್ತಾರೆ.

ಹಂತ 8: ವಾರಕ್ಕೊಮ್ಮೆ ಅಳೆಯಿರಿ

ಶನಿವಾರ ಸಂಜೆ ಹದಿನೈದು ನಿಮಿಷ. ಮರದಲ್ಲಿ ಎಷ್ಟು ಭಾಗ, ಎಷ್ಟು ಮುಗಿದವು, ಬದಲಾವಣೆ ಪುಸ್ತಕದಲ್ಲಿ ಎಷ್ಟು ಒಪ್ಪಿಗೆ ಆದವು. ‘ಶೇ. 90 ಆಗಿದೆ’ ಅನ್ನೋ ಮಾತನ್ನು ನಂಬಬೇಡಿ. ಒಪ್ಪಿಸಿದ್ದರೆ ನೂರು, ಇಲ್ಲದಿದ್ದರೆ ಸೊನ್ನೆ. ಒಪ್ಪಿದ ಬದಲಾವಣೆಯನ್ನು ಪತ್ರದಲ್ಲೂ ಮರದಲ್ಲೂ ತಿದ್ದಿ, ಆವೃತ್ತಿ ನಂಬರ್ ಏರಿಸಿ. ಇದನ್ನು ಮರೆತರೆ ಎರಡು ತಿಂಗಳಲ್ಲಿ ಯಾರ ಕೈಯಲ್ಲಿ ಯಾವ ಕಾಗದ ಅಂತ ಗೊತ್ತಾಗಲ್ಲ.

ಹಂತ 9: ಭಾಗ ಭಾಗವಾಗಿ ಒಪ್ಪಿಸಿ

ಎಲ್ಲ ಮುಗಿದ ಮೇಲೆ ಒಂದೇ ದಿನ ತೋರಿಸುವ ಆಸೆ ಬೇಡ. ಕಾಟಾ ಭಾಗ ಮುಗಿದ ಕೂಡಲೇ ಮುನೀಮ ಕಾಕಾನ ಮುಂದೆ ಇಟ್ಟೆವು. ಹಿಂದಿನ ವರ್ಷದ ಮೂರು ದಿನದ ಚೀಟಿ ತಂದು ಒಂದೊಂದೇ ಹಾಕಿದರು. ಎರಡು ಚೀಟಿ ಹೊಂದಲಿಲ್ಲ. ಒಂದರಲ್ಲಿ ನಮ್ಮ ತಪ್ಪು. ಇನ್ನೊಂದರಲ್ಲಿ ಕಾಕಾ ಹೋದ ವರ್ಷ ಒಂದು ಚೀಲ ಜಾಸ್ತಿ ಕಳೆದಿದ್ದರು. ಅವರು ಏನೂ ಮಾತಾಡಲಿಲ್ಲ, ಕೆಂಪು ಪೆನ್ನು ತೆಗೆದು ಹಳೇ ಚೀಟಿ ಮೇಲೆ ತಿದ್ದಿ ಸಹಿ ಹಾಕಿದರು. ಆಮೇಲೆ ನಮ್ಮ ಒಪ್ಪಿಗೆ ಪತ್ರಕ್ಕೂ ಹಾಕಿದರು.

ಸಹಿ ಬಿದ್ದ ಭಾಗವನ್ನು ಮತ್ತೆ ಮುಟ್ಟುವುದಾದರೆ ಅದು ಹೊಸ ಚೀಟಿ. ಕೆಟ್ಟಿದ್ದರೆ ಮಾತ್ರ ಉಚಿತ ರಿಪೇರಿ. ಕೆಟ್ಟದ್ದು ಯಾವುದು, ಹೊಸದು ಯಾವುದು ಅನ್ನೋದಕ್ಕೆ ಮತ್ತೆ ಹಂತ 3ರ ಪುಟವೇ ಸಾಕ್ಷಿ.

ಕೊನೆಯ ದಿನ ಮೂರು ಕಾಗದ ಕೊಡಿ: ಒಪ್ಪಿಸಿದ ಭಾಗಗಳ ಪಟ್ಟಿ, ಬದಲಾವಣೆ ಪುಸ್ತಕದ ಪ್ರತಿ, ಮುಂದಕ್ಕೆ ಹಾಕಿದ ಬೇಡಿಕೆಗಳ ಪಟ್ಟಿ. ನಮ್ಮ ಪುಸ್ತಕದಲ್ಲಿ ಒಟ್ಟು ಹದಿನೇಳು ಬೇಡಿಕೆ ಇದ್ದವು. ಐದು ಮಾಡಿದೆವು, ನಾಲ್ಕು ಅವರೇ ಬೇಡ ಅಂದರು, ಎಂಟು ಮುಂದಕ್ಕೆ ಹೋದವು. ಮಾರ್ಚ್ ತಿಂಗಳಲ್ಲಿ, ಗೋದಾಮು ಖಾಲಿ ಆದ ಮೇಲೆ, ಸಾವುಕಾರರ ಮಗನ ಫೋನ್ ಬಂತು. "ಸರ್, ಆ ಎಸ್‌ಎಂಎಸ್ಸಿನ ಚೀಟಿ ಇಟ್ಟೀರೇನ್ರಿ? ರೈತ್ರ ನಂಬರ್ ಎಲ್ಲಾ ಬರಸ್ಕೊಂಡೀನಿ."